ಹನಿ ನೀರೂ ಸೋರದ ಆಟಿಕೆ ಚೀಲ

ನಮ್ಮತ್ತೆ ಮೂವತ್ತು ವರ್ಷ ಊರಿನವರ ತಲೆ ಒದ್ದೆಯಾಗದಂತೆ ನೋಡಿಕೊಂಡವರು. ಈಗ ಮೂರು ವರ್ಷದಿಂದ ನನ್ನ ತಲೆ ತಿನ್ನುತ್ತಿದ್ದಾರೆ.

ಎರಡಕ್ಕೂ ಕಾರಣ ಒಂದು ರೇನ್‌ಕೋಟ್ ಕಾರ್ಖಾನೆ. ಹತ್ತೊಂಬತ್ತನೆಯ ವಯಸ್ಸಿಗೆ ಅದರ ಟೋಪಿ ವಿಭಾಗಕ್ಕೆ ಸೇರಿದವರು, ಅದು ಬಾಗಿಲು ಹಾಕುವ ದಿನದವರೆಗೂ ಬರೀ ಟೋಪಿ ಹೊಲಿದರು. ತೋಳು, ಜೇಬು ಹೊಲಿಯುವವರನ್ನು ಕಂಡರೆ ಅವರಿಗೆ ಈಗಲೂ ಸಸಾರ. ಅಲ್ಲೊಂದು ಪದ್ಧತಿಯಿತ್ತಂತೆ. ದಿನಾ ಸಂಜೆ ಮೇಸ್ತ್ರಿ ಒಬ್ಬೊಬ್ಬರ ರಾಶಿಯಿಂದಲೂ ಒಂದು ಟೋಪಿ ಎತ್ತಿ, ಬೋಗುಣಿಯ ಹಾಗೆ ನೀರು ತುಂಬಿಸಿ ಕೊಕ್ಕೆಗೆ ನೇತುಹಾಕುತ್ತಿದ್ದ. ಒಂದು ಗಂಟೆಯೊಳಗೆ ಒಂದೇ ಹನಿ ತೊಟ್ಟಿಕ್ಕಿದರೂ ಹೊಲಿದವರ ಹೆಸರು ಕರಿಹಲಗೆಗೆ. ಮೂವತ್ತು ವರ್ಷದಲ್ಲಿ ನಮ್ಮತ್ತೆಯ ಹೆಸರು ಆ ಹಲಗೆಗೆ ಏರಿದ್ದು ಒಂದೇ ಸಲ. ಆ ಪಾಪವೂ ಅವರದಲ್ಲ.

"ಇವನು ಹೊಟ್ಟೇಲಿದ್ದ. ಸರಿಯಾಗಿ ತಿರುವಿನಲ್ಲಿ ಒದ್ದ. ಸೂಜಿ ಹಾರ್ತು," ಎಂದು ಮಗನ ಕಡೆ ಗದ್ದ ಎತ್ತಿ ತೋರಿಸುತ್ತಾರೆ. ನನ್ನ ಗಂಡ ಹುಟ್ಟುವುದಕ್ಕೂ ಮೊದಲಿನಿಂದ ಆ ಒಂದು ಹನಿಗೆ ಹೊಣೆ.

ಕಾರ್ಖಾನೆ ಮುಚ್ಚಿದ ಮೇಲೆ ಅತ್ತೆ ತಮ್ಮ ಹೊಲಿಗೆ ಯಂತ್ರದ ಸಮೇತ ನಮ್ಮ ಎರಡು ಕೋಣೆಯ ಮನೆಗೆ ಬಂದರು. ಯಂತ್ರ ಫ್ರಿಜ್ಜಿಗೂ ಕಿಟಕಿಗೂ ನಡುವೆ ನಿಂತಿತು, ಅತ್ತೆ ನನಗೂ ನನ್ನ ಕೆಲಸಕ್ಕೂ ನಡುವೆ. ಸೋರುವ ಯಾವುದನ್ನೂ ಅವರು ಸಹಿಸುವುದಿಲ್ಲ. ನಲ್ಲಿ, ಹಾಲಿನ ಪ್ಯಾಕೆಟ್ಟು, ನಮ್ಮ ಮಗಳು ಮರಿಯ ಮೂಗು, ಮರಿಯ ಉಳಿದ ಭಾಗಗಳು. ಅವಳು ಹುಟ್ಟಿದ ಮೊದಲ ವರ್ಷ ಅವರ ಪಾಲಿಗೆ ದಿನಕ್ಕೆ ಎಂಟು ಸಲದ ಸೋಲು.

ಕೆಟ್ಟವರೇನಲ್ಲ. ಕೈ ಖಾಲಿ, ಅಷ್ಟೆ. ಒಂದು ಮಧ್ಯಾಹ್ನ ನಾನು ಮಡಿಸಿಟ್ಟ ಬಟ್ಟೆಯನ್ನೆಲ್ಲ ಬಿಚ್ಚಿ ಮತ್ತೆ ಮಡಿಸುತ್ತ, "ಇನ್ನೆಷ್ಟು ದಿನ ಹೀಗೆ ಮೂಲೇಲಿ ನಿಂತಿರ್ಲಿ? ನಾನೇನು ಬೀರುನಾ?" ಎಂದರು. ಮುಖ ನನ್ನ ಕಡೆ ಇರಲಿಲ್ಲ. ಅವತ್ತೇ ತೀರ್ಮಾನಿಸಿದೆ, ಇವರಿಗೆ ಏನಾದರೂ ಮಾಡಿ ಕೆಲಸ ಹುಡುಕಬೇಕು. ಅವರ ಜೀವಕ್ಕೆ ಅರ್ಧ, ನನ್ನ ಜೀವಕ್ಕೆ ಅರ್ಧ.

ಮರಿಗೆ ಮೂರು ವರ್ಷ. ಬೀದಿಯ ಕೊನೆಯಲ್ಲಿರುವ ಆಟದ ಮನೆಗೆ ಹೋಗುತ್ತಾಳೆ. ಹದಿನಾಲ್ಕು ಮಕ್ಕಳು, ಒಬ್ಬರು ಟೀಚರ್, ಆಟಿಕೆಗೆಲ್ಲ ಸೇರಿ ಒಂದು ದೊಡ್ಡ ಬಕೆಟ್ಟು. ಯಾವುದೋ ಗೊಂಬೆಯ ಒಂದು ಚಪ್ಪಲಿ ಬೇಕೆಂದರೂ ಬಕೆಟ್ಟನ್ನು ನೆಲಕ್ಕೆ ಸುರಿಯಬೇಕು. ಸುರಿದದ್ದನ್ನು ತುಂಬುವ ಹೊತ್ತಿಗೆ ಮಕ್ಕಳು ಮನೆಗೆ ಹೋಗಿರುತ್ತಾರೆ.

"ಒಳಗಿರೋದು ಹೊರಗೆ ಕಾಣೋ ಲಾಡಿ ಚೀಲ ಬೇಕು," ಎಂದರು ಟೀಚರ್. "ಓದೋಕೆ ಬರದ ಜನ ನೋಡಿ ಇವರು, ಕಣ್ಣಿಗೆ ಕಾಣ್ಬೇಕು. ಅಂಗಡೀದು ವಾರಕ್ಕೇ ಹರಿಯುತ್ತೆ. ನಿಮ್ಮತ್ತೆ ಒಂದು ಮಾದರಿ ಹೊಲಿದು ಕೊಡ್ಲಿ. ಸರಿಯಿದ್ರೆ ಇಪ್ಪತ್ತು ತಗೋತೀನಿ, ನಮ್ಮಕ್ಕನ ಆಟದ ಮನೆಗೂ ಹೇಳ್ತೀನಿ." ನಾನು ಬಾಗಿಲು ದಾಟುವಾಗ ಸೇರಿಸಿದರು, "ತೂತು ಮರೀಬೇಡಿ. ಗಾಳಿ ಆಡ್ಬೇಕು. ಚೀಲ ಕಂಡ್ರೆ ಇವು ಮೊದಲು ತಲೆಗೆ ಹಾಕ್ಕೊಳ್ತವೆ."

ಮನೆಗೆ ಬಂದು ಎಲ್ಲ ಹೇಳಿದೆ. ತೂತಿನ ವಿಷಯ ಕೊನೆಗೆ, ಕಾಫಿ ಕೈಗೆ ಕೊಟ್ಟ ಮೇಲೆ ಹೇಳಿದೆ. ಲೋಟ ಬಾಯಿಯ ಹತ್ತಿರವೇ ನಿಂತಿತು.

"ತೂತಾ? ಬೇಕು ಬೇಕಂತಲೇ?"

"ಗಾಳಿಗೆ, ಅತ್ತೆ."

"ಮೂವತ್ತು ವರ್ಷ ಹನಿ ಹೋಗದ ಹಾಗೆ ಹೊಲಿದೋಳು ನಾನು. ಈಗ ಕೂತ್ಕೊಂಡು ತೂತು ಮಾಡ್ಬೇಕಾ? ಹೋಗಿ ಜರಡಿ ಕೊಳ್ಳೋಕೆ ಹೇಳು ಅವಳಿಗೆ."

ಆದರೂ ಮಾರನೆಯ ಬೆಳಿಗ್ಗೆ ಯಂತ್ರಕ್ಕೆ ಎಣ್ಣೆ ಬಿತ್ತು. ಪ್ಲಾಸ್ಟಿಕ್ ಹಾಳೆಗೆ ಗುಂಡುಸೂಜಿ ಚುಚ್ಚುವ ಹಾಗಿಲ್ಲ, ಚುಚ್ಚಿದ ಗಾಯ ಮಾಯುವುದಿಲ್ಲ. ಹಾಗಾಗಿ ನನ್ನ ಬಟ್ಟೆ ಕ್ಲಿಪ್ಪುಗಳೆಲ್ಲ ಹಗ್ಗದಿಂದಿಳಿದು ಅದರ ಅಂಚಿಗೆ ಕೂತವು. ಹಾಳೆ ಯಂತ್ರದ ಪಾದಕ್ಕೆ ಅಂಟದಿರಲೆಂದು ಮರಿಯ ಪೌಡರ್ ಡಬ್ಬಿ ಅರ್ಧ ಖಾಲಿಯಾಯಿತು. ಮನೆಯೆಲ್ಲ ಆಗತಾನೇ ಸ್ನಾನ ಮಾಡಿಸಿದ ಕೂಸಿನ ವಾಸನೆ. ಹೊಲಿಗೆ ಉದ್ದುದ್ದ ಹಾಕಬೇಕು, ಒತ್ತೊತ್ತಾಗಿ ಹಾಕಿದರೆ ಅಂಚೆಚೀಟಿಯ ಹಾಗೆ ಹರಿದು ಬರುತ್ತದೆ. ಬಿಚ್ಚಿ ಹೊಲಿಯುವ ಮಾತೇ ಇಲ್ಲ. ಅತ್ತೆ ಉಸಿರು ಬಿಗಿಹಿಡಿದು ಹೊಲಿದರು, ಹೊಲಿಗೆಯ ಮೇಲೆ ಒಳಗಿನಿಂದ ಟೇಪು ಹಾಕಿ ಇಸ್ತ್ರಿ ಎಳೆದರು, ಬಾಯಿಗೆ ನೀಲಿ ಬಟ್ಟೆಯ ಪಟ್ಟಿ ಕೊಟ್ಟು ಲಾಡಿ ಹಾಯಿಸಿದರು. ಲಾಡಿಗೆ ಕಾರ್ಖಾನೆಯ ಬಿರುಗಾಳಿ ಗಂಟು. ರೇನ್‌ಕೋಟಿನ ಟೋಪಿಗೆ ಹಾಕುವಂಥದ್ದು, ಎಳೆದಷ್ಟೂ ಬಿಗಿಯಾಗುತ್ತದೆ, ಗಾಳಿಗೆ ಟೋಪಿ ಹಾರುವುದಿಲ್ಲ. ಆಟಿಕೆ ಚೀಲ ಯಾವ ಬಿರುಗಾಳಿಗೆ ಸಿಗುತ್ತದೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಆಮೇಲೆ ಚೀಲಕ್ಕೆ ನೀರು ತುಂಬಿಸಿ ಬಚ್ಚಲಲ್ಲಿ ನೇತುಹಾಕಿದರು. ಒಂದು ಗಂಟೆ ಯಾರಿಗೂ ಸ್ನಾನವಿಲ್ಲ. ಅತ್ತೆ ಸ್ಟೂಲು ಹಾಕಿಕೊಂಡು ಕಾದರು. ಒಂದು ಹನಿಯೂ ಬೀಳಲಿಲ್ಲ. ಅವರ ಮುಖ ನೋಡಿದ ಮೇಲೆ ತೂತಿನ ಮಾತು ನನ್ನ ನಾಲಿಗೆಯಲ್ಲೇ ಉಳಿಯಿತು. ಒಂದು ವೇಳೆ ಟೀಚರ್ ಗಮನಿಸದಿದ್ದರೆ ಎಂದುಕೊಂಡು ಹಾಗೇ ಒಯ್ದೆ.

ಗಮನಿಸಿದರು. "ಅಬ್ಬಾ, ಎಷ್ಟು ಗಟ್ಟಿ!" ಎಂದು ಹೊಗಳಿ, ಬೆಳಕಿಗೆ ಹಿಡಿದು ತಿರುವಿ ಹಾಕಿ ವಾಪಸ್ಸು ಕೊಟ್ಟರು. "ತೂತಿಲ್ಲದ್ದನ್ನ ನಾನು ಒಳಗೇ ಇಡಲ್ಲಮ್ಮ. ಶುಕ್ರವಾರ ತೂತಿರೋದು ತನ್ನಿ. ಆಗಲ್ಲಾಂದ್ರೆ ಪೇಟೆಯಿಂದಲೇ ತರಿಸ್ತೀನಿ."

ಮನೆಗೆ ಬಂದು ಹೇಳಿದೆ. ಅತ್ತೆ ಯಂತ್ರಕ್ಕೆ ಹಳೆಯ ದುಪ್ಪಟಿ ಹೊದಿಸಿದರು. ಆಮೇಲೆ ನನ್ನ ಬೇಳೆ ಡಬ್ಬಿಗಳ ಜಾಗ ಬದಲಿಸತೊಡಗಿದರು. ಮತ್ತೆ ಶುರುವಾಯಿತು ಎಂದುಕೊಂಡೆ.

ಗುರುವಾರ ಸಂಜೆ ನನ್ನ ಗಂಡ ಕೆಲಸದಿಂದ ಬಂದವರು ತಾಯಿಯ ಸಪ್ಪೆ ಮುಖ ನೋಡಿದರು. ಮಾತೃಭಕ್ತಿ ಉಕ್ಕಿತು. "ತೂತಿಲ್ದೇ ಇದ್ರೆ ಏನಾಗುತ್ತಂತೆ? ಇಷ್ಟು ಚೆನ್ನಾಗಿರೋ ಚೀಲಕ್ಕೆ!" ಎಂದು ಅದನ್ನೆತ್ತಿ ತಲೆಗೆ ಏರಿಸಿಯೇಬಿಟ್ಟರು. "ನೋಡಮ್ಮಾ, ಚಂದ್ರನ ಮೇಲೆ ಹೋಗೋನ ಹಾಗೆ ಕಾಣ್ತೀನಾ?"

ಮರಿ ಕೇಕೆ ಹಾಕಿ ನಕ್ಕಳು. ಅವರಿಗೆ ಇನ್ನೂ ಹುರುಪು ಬಂದು ಲಾಡಿ ಎಳೆದರು.

ಬಿರುಗಾಳಿ ಗಂಟು ಮೂವತ್ತು ವರ್ಷದ ಮರ್ಯಾದೆ ಕಾಪಾಡಿತು. ಗದ್ದದ ಕೆಳಗೆ ಬಿಗಿಯಾಗಿ ಕಚ್ಚಿಕೊಂಡಿತು. ಬಿಡಿಸಲು ಎಳೆದರು, ಇನ್ನೂ ಬಿಗಿಯಿತು. ಚೀಲದೊಳಗೆಲ್ಲ ಆವಿ ಕವಿದು ಮೂಗು ಮಾಯವಾಯಿತು, ಕಣ್ಣು ಮಾಯವಾಯಿತು, ಬಾಯಿ ಮಾತ್ರ ಪ್ಲಾಸ್ಟಿಕ್ಕಿಗೆ ಅಂಟಿ ತೆರೆದು ಮುಚ್ಚಿ ಮಾಡುತ್ತಿತ್ತು. ನಾನು ಗಂಟಿಗೆ ಕೈ ಹಾಕಿದೆ, ಜಗ್ಗಲಿಲ್ಲ. "ರೀ, ಅಲ್ಲಾಡ್ಬೇಡಿ!" ಎಂದು ಕೂಗಿದೆ.

ಅತ್ತೆ ನನ್ನನ್ನು ಪಕ್ಕಕ್ಕೆ ತಳ್ಳಿದರು. ಕೈಯಲ್ಲಿ ಅವರ ದೊಡ್ಡ ಕತ್ತರಿ, ನಾವ್ಯಾರೂ ಮುಟ್ಟಬಾರದ ಕತ್ತರಿ. ನೆತ್ತಿಯ ಹತ್ತಿರ ಹಾಳೆಯನ್ನು ಎತ್ತಿ ಹಿಡಿದು ಕೆಳಗಿನವರೆಗೆ ಒಂದೇ ಏಟಿಗೆ ಸೀಳಿದರು. ಒಂದು ಹನಿಯೂ ಸೋರದ ಚೀಲ ಎರಡು ಹೋಳಾಯಿತು. ನನ್ನ ಗಂಡ ಬೀಟ್‌ರೂಟ್ ಬಣ್ಣದಲ್ಲಿ ಹೊರಗೆ ಬಂದು ಏದುಸಿರು ಬಿಟ್ಟರು.

ಆಗ ಮರಿ ನೆಲದಿಂದ ದೊಡ್ಡ ಹೋಳನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಳು. "ಈಗ ನಂಗೆ! ನಂಗೆ!"

ಅತ್ತೆ ಅದನ್ನು ಕಿತ್ತುಕೊಂಡ ರಭಸಕ್ಕೆ ಮರಿ ಅಳುವುದನ್ನೂ ಮರೆತಳು. ಅವಳನ್ನು ಮಡಿಲಿಗೆ ಎಳೆದುಕೊಂಡು, ನೆತ್ತಿಯ ಮೇಲೆ ಗದ್ದವಿಟ್ಟು ಸ್ವಲ್ಪ ಹೊತ್ತು ಕೂತರು.

"ಎಷ್ಟು ತೂತು ಬೇಕಂದ್ಲು?"

"ಲೆಕ್ಕ ಹೇಳಿಲ್ಲ ಅತ್ತೆ."

"ಕೆಲಸ ಹೇಳೋಕೂ ಬರಲ್ಲ ಅವಳಿಗೆ," ಎಂದು ಫೋನ್ ಕೇಳಿದರು.

ರೇನ್‌ಕೋಟಿಗೂ ತೂತಿರುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಬೆವರು ಆರಲೆಂದು ಕಂಕುಳಲ್ಲಿ ಮೂರು ಮೂರು. ಅದು ತೋಳಿನವರ ಕೆಲಸ. ಅಲ್ಲಿ ಮೂವತ್ತು ವರ್ಷ ತೂತು ಹೊಡೆದವಳನ್ನು ನಮ್ಮತ್ತೆ "ಕಂಕುಳು" ಎಂದೇ ಕರೆದವರು, ಕಾರ್ಖಾನೆ ಮುಚ್ಚಿದ ಮೇಲೆ ಒಂದು ದಿನವೂ ವಿಚಾರಿಸಿದವರಲ್ಲ. ಅವತ್ತು ಫೋನ್ ಮಾಡಿದ್ದು ಆಕೆಗೇ. ಆಕೆ ಶುಕ್ರವಾರ ಬೆಳಿಗ್ಗೆ ಏಳಕ್ಕೇ ಬಂದರು. ಕೈಚೀಲದಲ್ಲಿ ತೂತು ಹೊಡೆಯುವ ಇಕ್ಕಳ, ಮುಖದ ತುಂಬ ನಗು.

"ಏನೇ ಟೋಪಿ, ಕೊನೆಗೂ ತೂತಿಗೇ ಬಂದ್ಯಾ?"

"ಬಾಯಿ ಮುಚ್ಕೊಂಡು ಇಕ್ಕಳ ಕೊಡೇ, ಕಂಕುಳು."

"ಹೂಂ, ಕೊಡ್ತೀನಿ. ನಿನ್ನ ಕೈಗೆ ಕೊಟ್ರೆ ತೂತೂ ಸೋರದ ಹಾಗೆ ಹೊಡೀತೀಯ. ಸರಿ ಆಚೆ."

ಇಬ್ಬರೂ ಜಗಳವಾಡುತ್ತಲೇ ಹೊಸ ಚೀಲ ಮಾಡಿದರು. ದುಂಡು ತೂತೇ ಆಗಬೇಕು, ಮೂಲೆಯಿದ್ದರೆ ಅಲ್ಲಿಂದ ಹರಿಯುತ್ತದೆ ಎಂದರು ಕಂಕುಳು. ಸುತ್ತಲೂ ನಾಲ್ಕು ಸಾಲು, ಒಟ್ಟು ನಲವತ್ತು. ಬಿರುಗಾಳಿ ಗಂಟಿಗೆ ರಜೆ ಸಿಕ್ಕಿತು. ಬದಲಿಗೆ ಗಿಡ್ಡ ಲಾಡಿ, ಅದರ ತುದಿಗಳನ್ನು ಸೇರಿಸಲು ಟಿಚ್ ಬಟನ್, ಜೋರಾಗಿ ಎಳೆದರೆ ತಾನೇ ಬಿಟ್ಟುಕೊಳ್ಳುವಂಥದ್ದು. ಅದನ್ನು ಮರಿಯ ಕೈಯಲ್ಲೇ ಎಳೆಸಿ ನೋಡಿದರು.

ಈ ಸಲ ಅತ್ತೆಯೇ ನನ್ನ ಜೊತೆ ಆಟದ ಮನೆಗೆ ಬಂದರು. ಟೀಚರ್ ತೂತುಗಳಲ್ಲಿ ಬೆರಳಾಡಿಸಿ, ಲಾಡಿ ಎಳೆದು, ಬಟನ್ ಟಪ್ಪೆಂದು ಬಿಟ್ಟುಕೊಂಡಾಗ ಹುಬ್ಬೇರಿಸಿದರು. "ಇಪ್ಪತ್ತು ಹೊಲೀರಿ ಅಮ್ಮಾ."

"ಹೊಲೀತೀನಿ. ಆದ್ರೂ ತಲೆಗೆ ಹಾಕ್ಕೊಳ್ಳೋಕೆ ಬಿಡ್ಬೇಡಿ," ಎಂದರು ಅತ್ತೆ, ತೂತಿನ ಯೋಚನೆ ಮೊದಲು ಹೊಳೆದದ್ದೇ ತಮಗೆ ಎನ್ನುವ ಗತ್ತಿನಲ್ಲಿ.

ಈಗ ಕಂಕುಳು ವಾರಕ್ಕೆ ಮೂರು ದಿನ ಬರುತ್ತಾರೆ. ನನ್ನ ಬೇಳೆ ಡಬ್ಬಿಗಳು ಅವುಗಳ ಜಾಗಕ್ಕೆ ಮರಳಿವೆ. ಬಟ್ಟೆ ಕ್ಲಿಪ್ಪುಗಳು ಮಾತ್ರ ಕಾಯಮ್ಮಾಗಿ ಹೋದವು, ಒಣಹಾಕಿದ ಅಂಗಿಗಳು ಪಕ್ಕದವರ ಟೆರೇಸಿನಲ್ಲಿ ಸಿಗುತ್ತವೆ. ಬಚ್ಚಲಿನ ಪರೀಕ್ಷೆ ನಿಂತಿಲ್ಲ, ತಿರುಗಿ ನಿಂತಿದೆ. ಪ್ರತಿ ಚೀಲಕ್ಕೂ ನೀರು ತುಂಬಿಸಿ ಎತ್ತಿ ಹಿಡಿಯುತ್ತಾರೆ, ಹತ್ತು ಎಣಿಸುವುದರೊಳಗೆ ನೀರು ತೂತಿನ ಕೊನೆಯ ಸಾಲಿಗಿಳಿಯಬೇಕು. ಮರಿ ಬಟ್ಟೆ ಬಿಚ್ಚಿ ಕೆಳಗೆ ನಿಂತು ಒಂದು, ಎರಡು, ಏಳು ಎಂದು ಕಿರುಚುತ್ತಾಳೆ. ಅವಳಿಗೆ ಸ್ನಾನ ಮಾಡಿಸುವ ಕೆಲಸ ನನಗೆ ತಪ್ಪಿತು.

ಬಚ್ಚಲ ಗೋಡೆಯಲ್ಲಿ ಮರಿಯ ಸ್ಲೇಟು ನೇತಾಡುತ್ತಿದೆ. ಸರಿಯಾಗಿ ಸೋರದ ಚೀಲ ಯಾರದೋ ಅವರ ಹೆಸರು ಅದರ ಮೇಲೆ. ನಿನ್ನೆ ಮೊದಲ ಹೆಸರು ಬಿತ್ತು, ಕಂಕುಳು ತಮ್ಮ ಕೈಯಾರೆ ದಪ್ಪಕ್ಷರದಲ್ಲಿ ಬರೆದರು: ಟೋಪಿ.

"ಈ ಸಲ ಯಾರು ಒದ್ರು, ಅತ್ತೆ?" ಎಂದೆ.

ಅವರು ಚೀಲದ ನೀರು ಕೊಡವುತ್ತ, ಮಗ್ಗುಲಲ್ಲಿ ಒದ್ದೆಯಾಗಿ ನಿಂತಿದ್ದ ಮೊಮ್ಮಗಳ ಕಡೆ ಗದ್ದ ಎತ್ತಿ ತೋರಿಸಿದರು.

"ಇವಳು. ಅಪ್ಪನ ಥರಾನೇ."