ಪಿಲ್‌ಗ್ರಿಮ್ ಅಂದರೆ ಯಾತ್ರಿಕರು

ಅಮೆರಿಕದ ಫ್ರಿಸ್ಕೋ ಊರಿನ ಆ ಮನೆಯಲ್ಲಿ ಯಾವ ಕಿಟಕಿಯಿಂದ ನೋಡಿದರೂ ಬೇರೆಯವರ ಗರಾಜಿನ ಬಾಗಿಲೇ ಕಾಣುತ್ತಿತ್ತು. ಇದ್ದ ಒಂದೇ ಕಾರನ್ನು ಬೆಳಿಗ್ಗೆ ನನ್ನ ಗಂಡ ಡಲ್ಲಾಸಿನ ಆಫೀಸಿಗೆ ಒಯ್ದರೆ ಮುಗಿಯಿತು, ನಾನು ಕಾಲಿದ್ದೂ ಕುಂಟಿ. ಒಮ್ಮೆ ನಡೆದೇ ಅಂಗಡಿಗೆ ಹೋಗುತ್ತೇನೆಂದು ಹಟ ಮಾಡಿ ಹೊರಟೆ. ಅರ್ಧ ದಾರಿಗೆ ಫುಟ್‌ಪಾತೇ ಮುಗಿದು ಆರು ಲೇನಿನ ರಸ್ತೆ ಎದುರಾಯಿತು. ಬೈದುಕೊಳ್ಳುತ್ತ ವಾಪಸ್ ಬಂದೆ.

ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಇತಿಹಾಸ ಕಲಿಸಿದವಳು ನಾನು. ಒಂದು ಸಲ ಕೆಮ್ಮಿದರೆ ಅರವತ್ತು ಮಕ್ಕಳು ಸುಮ್ಮನಾಗುತ್ತಿದ್ದರು. ಇಲ್ಲಿ ಗಂಡನ ವೀಸಾದ ಬಾಲ, ದುಡಿಯುವಂತಿಲ್ಲ. ಆದರೆ ನೌಕರಿ ಬಿಟ್ಟು ಬಂದಿರಲಿಲ್ಲ, ಸಂಬಳವಿಲ್ಲದ ಎರಡು ವರ್ಷದ ರಜೆ ಹಾಕಿ ಬಂದಿದ್ದೆ. ಎರಡೇ ವರ್ಷ ಎಂದು ಇವರು ಮಾತು ಕೊಟ್ಟಿದ್ದರು. ಬರುವ ಜೂನಿಗೆ ಶಾಲೆಯಲ್ಲಿ ಹಾಜರಾಗದಿದ್ದರೆ ನನ್ನ ಕುರ್ಚಿ ಇನ್ನೊಬ್ಬರದು.

ಉಳಿದಿದ್ದ ಒಬ್ಬಳೇ ವಿದ್ಯಾರ್ಥಿನಿ ಎರಡನೇ ಕ್ಲಾಸಿನ ಮಗಳು. ಶನಿವಾರ ಲೈಬ್ರರಿಗೆ ಹೋಗಿ ಅಮೆರಿಕದ ಇತಿಹಾಸದ ಮಕ್ಕಳ ಪುಸ್ತಕಗಳನ್ನು ಚೀಲ ತುಂಬ ತರುತ್ತಿದ್ದೆವು. ಗಟ್ಟಿ ರಟ್ಟು, ನುಣುಪು ಹಾಳೆ, ಪುಟಕ್ಕೆ ನಾಲ್ಕೇ ಸಾಲು, ಕೊನೆಯಲ್ಲಿ ಕಠಿಣ ಶಬ್ದಗಳ ಅರ್ಥ. ಇಡೀ ಯುದ್ಧವನ್ನು ಮೂವತ್ತು ಪುಟಕ್ಕೆ ಮುಗಿಸಿಬಿಡುತ್ತಿದ್ದರು. ಬಾಸ್ಟನ್ನಿನಲ್ಲಿ ಪೆಟ್ಟಿಗೆಗಟ್ಟಲೆ ಚಹಾಪುಡಿಯನ್ನು ಸಮುದ್ರಕ್ಕೆ ಸುರಿದರೆಂದು ಓದಿ ನನಗೆ ನಿಜಕ್ಕೂ ಹೊಟ್ಟೆ ಉರಿದಿತ್ತು. ಮಗಳು ಶಾಲೆಗೆ ಹೋದ ಮೇಲೆ ನಾನೇ ಎಲ್ಲವನ್ನೂ ಓದಿ, ಸಂಜೆಗೆ ಪಾಠ ತಯಾರು ಮಾಡಿಟ್ಟುಕೊಳ್ಳುತ್ತಿದ್ದೆ. ಹುಚ್ಚು ಅನ್ನಿ. ಆ ಒಂದು ತಾಸಿಗಾಗಿ ದಿನವಿಡೀ ಕಾಯುತ್ತಿದ್ದೆ.

ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಪುಸ್ತಕ ಬಂತು. ನಾನು ಓದಿಟ್ಟುಕೊಳ್ಳುವ ಮೊದಲೇ ಮಗಳು ಅದನ್ನು ತೆರೆದು ಕೂತಳು. ಒಂದು ಹಡಗು, ಕಪ್ಪು ಟೋಪಿಯ ಜನ, ಉದ್ದ ಮೇಜಿನ ಮೇಲೆ ಊಟ.

"ಅಮ್ಮಾ, ವಾಟ್ ಈಸ್ ಪಿಲ್‌ಗ್ರಿಮ್?"

ಶಬ್ದಗಳ ಪುಟ ತೆರೆಯುವ ಗೋಜಿಗೇ ಹೋಗಲಿಲ್ಲ. ಇಷ್ಟೂ ಗೊತ್ತಿಲ್ಲದ ಟೀಚರೇ ನಾನು? "ಯಾತ್ರಿಕರು. ನಿಮ್ಮ ಅಜ್ಜಾ ಅಜ್ಜಿ ಕಾಶಿಗೆ ಹೋಗಿ ಬಂದ್ರಲಾ, ಹಂಗ," ಎಂದೆ.

"ದೆನ್ ವೈ ಆರ್ ದೇ ಈಟಿಂಗ್?"

"ಯಾತ್ರಾ ಮಾಡಿದವ್ರು ನಾಕು ಮಂದಿಗೆ ಊಟಾ ಹಾಕಬೇಕು. ಗಂಗಾ ಸಮಾರಾಧನಿ. ನೀನೂ ಹೋಳಿಗಿ ಉಂಡಿದ್ದಿ, ನೆನಪದನ?"

ಹೋಳಿಗೆ ಅವಳಿಗೆ ನೆನಪಿತ್ತು. ಖುಷಿಯಿಂದ ತಲೆಯಾಡಿಸಿ, ಶಾಲೆಯಲ್ಲಿ ಕೊಟ್ಟ ಹಾಳೆಯ ಮೇಲೆ ಪಿಲ್‌ಗ್ರಿಮ್‌ಗಳ ಕತೆಯನ್ನು ಪೆನ್ಸಿಲಿನಿಂದ ತಾನೇ ಬರೆದಳು.

ಮೂರು ದಿನದ ಮೇಲೆ ಹಾಳೆ ಮನೆಗೆ ವಾಪಸ್ ಬಂತು. ಪಿಲ್‌ಗ್ರಿಮ್‌ಗಳು ದೇವರ ದರ್ಶನಕ್ಕೆ ಬಂದರು, ಎಲ್ಲರಿಗೂ ಊಟ ಹಾಕಿದರು, ಆಮೇಲೆ ತಮ್ಮ ಊರಿಗೆ ಹೋದರು ಎಂದು ಬರೆದಿದ್ದಳು. ಕೊನೆಯ ವಾಕ್ಯದ ಕೆಳಗೆ ಕೆಂಪು ಗೆರೆ. ಅವರು ಮರಳಿ ಹೋಗಲಿಲ್ಲ, ತಿದ್ದಿ ಸಹಿ ಮಾಡಿಸಿಕೊಂಡು ಬಾ ಎಂದು ಅವಳ ಟೀಚರ್ ದುಂಡಗೆ ಬರೆದಿದ್ದರು. ಹಾಳೆಯ ಬುಡದಲ್ಲಿ ಸಹಿಗೆ ಎರಡು ಗೆರೆಗಳಿದ್ದವು, ಒಂದು ಪಾಲಕರಿಗೆ, ಒಂದು ಟೀಚರಿಗೆ.

ಇವರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ತಾಯಿ ಮಗಳು ಕೂಡಿ ಅವರಿಗೂ ಹೋಳಿಗಿ ಬಡಿಸಿಬಿಟ್ರಿ ನೋಡು."

ನಾನೂ ನಕ್ಕೆ. ಆಮೇಲೆ ಪುಸ್ತಕ ತೆಗೆದು ಸರಿಯಾಗಿ ಓದಿದೆ. ಆ ಪಿಲ್‌ಗ್ರಿಮ್‌ಗಳು ಯಾತ್ರೆಗಲ್ಲ, ತಮ್ಮ ದೇಶ ಬಿಟ್ಟು ಇಲ್ಲೇ ನೆಲೆಸಲು ಹಡಗು ಹತ್ತಿ ಬಂದವರು. ಮೊದಲ ಚಳಿಗಾಲಕ್ಕೇ ಅರ್ಧ ಜನ ಸತ್ತರಂತೆ. ಚಳಿ ಕಳೆದ ಮೇಲೆ ಹಡಗು ಹಿಂದಕ್ಕೆ ಹೊರಟಾಗ ಉಳಿದವರಲ್ಲಿ ಒಬ್ಬರೂ ಹತ್ತಲಿಲ್ಲವಂತೆ. ಪುಸ್ತಕ ಮುಚ್ಚಿಟ್ಟು ಇವರ ಕಡೆ ತಿರುಗಿದೆ.

"ಜೂನಿಗೆ ಟಿಕೆಟ್ ಯಾವಾಗ ಮಾಡಸ್ತೀರಿ?" ಎಂದು ಕೇಳಿದೆ.

ಇವರ ನಗು ನಿಂತಿತು. "ಗ್ರೀನ್ ಕಾರ್ಡಿಗೆ ಹಾಕೇನಿ. ಈಗ ಹೋದ್ರ ಹೊಳ್ಯಾಗ ಹುಣಸಿಹಣ್ಣು ತೊಳದಂಗ."

"ಯಾವಾಗ ಹಾಕಿದ್ರಿ?"

"ಮಾರ್ಚ್‌ದಾಗ. ಹೇಳಿದ್ರ ಸಿಟ್ಟಾಗ್ತಿ ಅಂತ ಸುಮ್ಮನಿದ್ದೆ."

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾನು ಒಂದೊಂದೇ ದಿನ ಹೊಡೆದುಹಾಕುತ್ತಿದ್ದುದನ್ನು ಮಾರ್ಚಿನಿಂದಲೂ ಈ ಮನುಷ್ಯ ನೋಡುತ್ತ ಚಹಾ ಕುಡಿದಿದ್ದರು. ಎಲ್ಲ ಬೈಗುಳಗಳೂ ನಾಲಿಗೆಯ ತುದಿಗೆ ಬಂದವು. ಮಗಳು ಎದುರಿಗಿದ್ದಳು, ನುಂಗಿಕೊಂಡೆ.

ಅವಳು ತನ್ನ ವಾಕ್ಯವನ್ನು ರಬ್ಬರಿನಿಂದ ಉಜ್ಜಿ ಅಳಿಸುತ್ತಿದ್ದಳು. "ನೋಬಡಿ ವೆಂಟ್ ಬ್ಯಾಕ್? ನಾಟ್ ಈವನ್ ಒನ್ ಅಮ್ಮ?"

"ಇಲ್ಲವಾ. ಬರಿ," ಎಂದೆ. ಇವರು ಕಾರಿನ ಕೀಲಿ ತೆಗೆದುಕೊಂಡು ಏನೋ ತರುವ ನೆಪದಲ್ಲಿ ಹೊರಗೆ ಹೋದರು.

ಅವರು ಹೋಗಲಿಲ್ಲ, ಇಲ್ಲೇ ಉಳಿದರು ಎಂದು ಅವಳು ಬರೆದು ಮುಗಿಸಿದಳು. ನಾನು ಹಾಳೆಯನ್ನು ಎಳೆದುಕೊಂಡು, ಅವಳ ಪೆನ್ಸಿಲಿನಿಂದಲೇ ಸಹಿ ಮಾಡಿ ಕೊಟ್ಟೆ.

ಅವಳು ಹಾಳೆ ನೋಡಿ ನನ್ನ ಮುಖ ನೋಡಿದಳು. "ಅಮ್ಮಾ, ದಟ್ಸ್ ಫಾರ್ ದಿ ಟೀಚರ್."

ಹನ್ನೊಂದು ವರ್ಷದ ರೂಢಿ, ಕೈ ತಾನಾಗಿ ಆ ಗೆರೆಗೇ ಹೋಗಿತ್ತು. ನಾನು ಏನೂ ಹೇಳುವ ಮೊದಲೇ ಮಗಳು ರಬ್ಬರ್ ತೆಗೆದುಕೊಂಡು, ನನ್ನ ಹೆಸರನ್ನು ನಾಜೂಕಾಗಿ ಅಳಿಸಿದಳು.