ನೀಲಿ ಪೆನ್ಸಿಲಿನ ಯೂಸ್ಟೇಸ್ ಲೋಬೊ

ಸುದ್ದಿ ತಂದು ಹೆಸರು ಮಾಡಿದವರು ಮಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಸುದ್ದಿ ಕೊಟ್ಟವನ ಹೆಸರನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದವರಲ್ಲಿ ಶ್ರೀ ಯೂಸ್ಟೇಸ್ ಲೋಬೊ ಅವರಿಗೆ ಸಮನಾದವರನ್ನು ಈ ಲೇಖಕ ಕಂಡಿಲ್ಲ. ಇಪ್ಪತ್ತೊಂದು ವರ್ಷ ನಮ್ಮ ಪತ್ರಿಕೆಯ ಉಪಸಂಪಾದಕರಾಗಿದ್ದು, 1969ರ ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಹೊಗಳಲು ಹೊರಟರೆ ಅವರೇ ಅಡ್ಡ ಬರುತ್ತಾರೆ. ಅದು ಹೇಗೆಂಬುದು ಕೊನೆಗೆ ತಿಳಿಯುತ್ತದೆ.

ತಪ್ಪಾದರೆ ಅದೇ ದಿನ ಹೋಗಿ ಕ್ಷಮೆ ಕೇಳುವುದು ಅವರ ಪದ್ಧತಿ. ಈ ಲೇಖಕ ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಿಜೈಯ ಒಬ್ಬ ಹಿರಿಯರನ್ನು ಬದುಕಿರುವಾಗಲೇ ನಿಧನವಾರ್ತೆಗೆ ಸೇರಿಸಿದ್ದ. ಯೂಸ್ಟೇಸರು ಮಧ್ಯಾಹ್ನದ ಉರಿಬಿಸಿಲಲ್ಲಿ ನಡೆದು ಹೋಗಿ, ಆ ಹಿರಿಯರೆದುರು ಕೈಮುಗಿದು, ತಪ್ಪು ತಮ್ಮದೆಂದರು. ಹುಡುಗಾಟದ ಆ ಹೊಸಬನ ಹೆಸರನ್ನು ಅಲ್ಲಿಯೂ ಹೇಳಲಿಲ್ಲ.

1958ರಲ್ಲಿ ಬೋಳಾರದ ಒಂದು ಹೆಂಚಿನ ಕಾರ್ಖಾನೆಯ ಒಣಗಿಸುವ ಅಟ್ಟ ಕುಸಿಯಿತು. ಸತ್ತವರು ಇಬ್ಬರು ಎಂದು ಮಾಲಿಕರು ಪ್ರಕಟಿಸಿದರು. ಒಳಗಿನವನೊಬ್ಬ ಯೂಸ್ಟೇಸರ ಮನೆಯ ಹಿತ್ತಿಲ ಬಾಗಿಲಿಗೆ ಬಂದು, ಸತ್ತವರು ಐವರು, ಐವರೂ ಹೆಂಗಸರು ಎಂದ. ‘ನನ್ನ ಹೆಸರು ಹೊರಗೆ ಬಂದ್ರೆ ಮಕ್ಕಳಿಗೆ ಗಂಜಿ ಇಲ್ಲ ಸ್ವಾಮೀ’ ಎಂದ. ಯೂಸ್ಟೇಸರು ಮಾತು ಕೊಟ್ಟರು. ಅವರೇ ಬರೆದ ವರದಿ ಪತ್ರಿಕೆಯಲ್ಲಿ ಬಂತು, ಮಾಲಿಕರು ಮಾನನಷ್ಟದ ದೂರು ಕೊಟ್ಟರು.

ಪತ್ರಿಕೆಯ ವಕೀಲ ತಾರಾನಾಥರು ಮೊದಲೇ ಎಚ್ಚರಿಸಿದ್ದರು. ‘ಪೊಲೀಸರಿಗೆ ಸುದ್ದಿ ಕೊಟ್ಟವ ಯಾರು ಅಂತ ಹೇಳ್ಲಿಕ್ಕೆ ಕೋರ್ಟು ಒತ್ತಾಯಿಸುವ ಹಾಗಿಲ್ಲ, ಅದಕ್ಕೆ ಕಾನೂನು ಉಂಟು. ಪೇಪರಿನವರಿಗೆ ಎಂತ ಉಂಟು ಮಾರಾಯ್ರೆ? ಏನೂ ಇಲ್ಲ.’ ಕಟಕಟೆಯಲ್ಲಿ ಯೂಸ್ಟೇಸರು ‘ಹೇಳುವುದಿಲ್ಲ’ ಎಂಬ ಒಂದೇ ಉತ್ತರವನ್ನು ಮೂರು ಸಲ ಕೊಟ್ಟರು. ಏಳು ದಿನದ ಸೆರೆಯಾಯಿತು. ಪತ್ನಿ ಹೆಲನಮ್ಮ ಬುತ್ತಿ ಹೊತ್ತು ಹೋಗಿ ಬಂದರು.

ಎಂಟನೆಯ ದಿನ ಹೊರಬಂದಾಗ ಹಾರ ಹಾಕಲು ನಾವೆಲ್ಲ ಕಚೇರಿಯಲ್ಲಿ ಕಾದು ನಿಂತಿದ್ದೆವು. ಅಷ್ಟರೊಳಗೆ ಕಾರ್ಖಾನೆಯವರು ಸುದ್ದಿ ಕೊಟ್ಟ ಆ ಮನುಷ್ಯನನ್ನು ಕೆಲಸದಿಂದ ಹೊರಗೆ ಹಾಕಿ ಮೂರು ದಿನವಾಗಿತ್ತು. ಹೆಸರು ಯಾರೂ ಹೇಳಿರಲಿಲ್ಲ, ವರದಿಯೇ ಹೇಳಿತ್ತು. ಬರಹಕ್ಕೆ ಬಲ ಬರಲೆಂದು ಯೂಸ್ಟೇಸರು ಅದರಲ್ಲಿ ಒಂದು ವಿವರ ಸೇರಿಸಿದ್ದರು. ಅದು ಒಬ್ಬನಿಗೆ ಬಿಟ್ಟು ಬೇರೆಯವರಿಗೆ ತಿಳಿಯುವಂಥದ್ದಲ್ಲ. ಯಾವ ವಿವರವೆಂದು ಇಲ್ಲಿ ಬರೆಯುವುದಿಲ್ಲ. ಹಾರ ಮೇಜಿನ ಮೇಲೆಯೇ ಬಾಡಿತು.

ಆದರೂ ಆತನನ್ನು ತೆಗೆದದ್ದು ಆ ವಿವರ ಹುಟ್ಟಿಸಿದ ಸಂಶಯದಿಂದ, ಸಾಕ್ಷಿ ಇರಲಿಲ್ಲ. ಆತನ ನೆಂಟರು ಇನ್ನೂ ಅಲ್ಲಿಯೇ ಕೂಲಿಗಿದ್ದರು. ಯೂಸ್ಟೇಸರು ಒಮ್ಮೆ ಆತನ ಮನೆಯ ಮೆಟ್ಟಿಲು ಹತ್ತಿದ್ದರೆ ಸಂಶಯವೇ ಸಾಕ್ಷಿಯಾಗಿ ಅವರ ಕೂಲಿಯೂ ಹೋಗುತ್ತಿತ್ತು. ಹಾಗಾಗಿ, ತಪ್ಪಾದ ದಿನವೇ ಕ್ಷಮೆ ಕೇಳುತ್ತಿದ್ದ ಮನುಷ್ಯ ಈ ಒಂದು ತಪ್ಪಿಗೆ ಕ್ಷಮೆ ಕೇಳಲಾಗದೆ ಒಳಗೊಳಗೇ ಬೆಂದರು. ಅಂದಿನಿಂದ ಪ್ರತಿ ವರದಿಯ ಅಂಚಿನಲ್ಲಿ ಅವರ ನೀಲಿ ಪೆನ್ಸಿಲ್ ‘ಇದು ಎಷ್ಟು ಮಂದಿಗೆ ಗೊತ್ತು?’ ಎಂದು ಕೇಳತೊಡಗಿತು. ಅವಸರದ ವರದಿಗಾರರಿಗೆ ಅದು ಪೀಡೆಯಾಗಿತ್ತು. ಈ ಲೇಖಕನೂ ಬೈದುಕೊಂಡಿದ್ದಾನೆ.

ಕೆಲವು ವರ್ಷಗಳ ಮೇಲೆ ಒಂದು ದಿನ ನಾವಿಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದಾಗ ಯೂಸ್ಟೇಸರು ನಡುದಾರಿಯಲ್ಲಿ ಇಳಿದುಬಿಟ್ಟರು. ರಸ್ತೆಯಾಚೆಯ ಮನೆಯಂಗಳದಲ್ಲಿ ಹೆಣ ಇಟ್ಟಿದ್ದರು. ಅವರು ಈಚೆ ಬದಿಯಲ್ಲಿ, ಬಸ್ಸಿಗೆ ಕಾಯುವವರಂತೆ, ಹೆಣ ಎತ್ತುವ ತನಕ ನಿಂತರು. ಮೂರು ಬಸ್ಸು ಬಂದು ಹೋದವು. ರಸ್ತೆ ದಾಟಲಿಲ್ಲ. ಪಕ್ಕದಲ್ಲಿದ್ದ ಈ ಲೇಖಕನಿಗೆ ಸತ್ತವರು ಯಾರೆಂದು ಕೇಳುವ ಧೈರ್ಯವಾಗಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಈ ಲೇಖನದ ಕರಡನ್ನು ಅವರಿಗೆ ತೋರಿಸಿದ್ದೇ ಎಡವಟ್ಟಾಯಿತು. ಬಸ್ಸು ಹೋಗುತ್ತಿದ್ದ ಊರು, ವರ್ಷ, ಮನೆಯ ಗುರುತು, ಎಲ್ಲವನ್ನೂ ಹೊಡೆದುಹಾಕಿ ಅಂಚಿನಲ್ಲಿ ಅದೇ ಪ್ರಶ್ನೆ ಬರೆದರು.

‘ಅವರು ತೀರಿಹೋದ್ರಲ್ಲ ಸರ್, ಇನ್ನೆಂತ?’ ಎಂದರೆ, ‘ಕೊಟ್ಟ ಮಾತಿನಿಂದ ನನ್ನನ್ನು ಬಿಡಿಸಬೇಕಾದವ ಅವನೇ ಮಾರಾಯ. ಅವ ಹೋದ. ಇನ್ನು ಯಾರ ಹತ್ರ ಕೇಳುವುದು?’ ಎಂದು ಪೆನ್ಸಿಲನ್ನು ಕಿಸೆಗೆ ಹಾಕಿದರು.

ಶ್ರೀ ಯೂಸ್ಟೇಸ್ ಲೋಬೊ ಅವರು ಹೆಲನಮ್ಮನವರೊಡನೆ ನೂರು ಕಾಲ ಬಾಳಲಿ. ಆ ಪೆನ್ಸಿಲ್ ಹೊಸಬರ ಬರಹಗಳ ಮೇಲೆ ಇನ್ನೂ ಬಹುಕಾಲ ಓಡಲಿ. ಪೊಲೀಸರಿಗೆ ಇರುವ ರಕ್ಷೆ ಪತ್ರಕರ್ತರಿಗೂ ದೊರೆಯುವ ದಿನವನ್ನು ಅವರು ಕಣ್ಣಾರೆ ಕಾಣಲಿ. ಅಂದು ಅವರು ಆ ರಸ್ತೆ ದಾಟಿ ಬಾಗಿಲು ತಟ್ಟಿದಾಗ, ತೆರೆಯುವುದಕ್ಕೆ ಆ ಮನೆಯಲ್ಲಿ ಯಾರಾದರೂ ಉಳಿದಿರಲಿ.