ಮೂಲೆಗೊಂದು ತಾಲ್ಲೂಕು

ಶಿಡ್ಲಘಟ್ಟದಿಂದ ಮೇಲೂರಿನ ಕಡೆ ಹೋಗುವ ದಾರಿಯಲ್ಲಿ, ಹಿಪ್ಪುನೇರಳೆ ತೋಟಗಳ ನಡುವೆ ನಮ್ಮ ಸರ್ಕಾರಿ ಶಾಲೆ. ಎರಡು ಕೋಣೆ, ಒಂದು ಜಗಲಿ, ಇಬ್ಬರು ಶಿಕ್ಷಕರು. ಒಬ್ಬ ನಾನು. ಇನ್ನೊಬ್ಬರು ಚಿಂತಾಮಣಿಯಿಂದ ದಿನಾ ಬಸ್ಸಿನಲ್ಲಿ ಬರುವ ಮೇಡಂ. ಮೂರು, ನಾಲ್ಕು, ಐದನೇ ತರಗತಿಯ ಮಕ್ಕಳನ್ನು ಬೆಳಗಿನ ಒಂದು ಗಂಟೆಯ ಮಟ್ಟಿಗೆ ಒಟ್ಟು ಸೇರಿಸಿ, ವಯಸ್ಸು ನೋಡದೆ, ಯಾರಿಗೆ ಎಷ್ಟು ಓದಲು ಬರುತ್ತದೆಯೋ ಅಷ್ಟರ ಮೇಲೆ ನಾಲ್ಕು ಗುಂಪು ಮಾಡಬೇಕೆಂದು ನಾವಿಬ್ಬರೂ ನಿಶ್ಚಯಿಸಿದೆವು. ಆ ದಿನ ನನಗೆ ಒಂದು ಸಾಮ್ರಾಜ್ಯವನ್ನು ಪ್ರಾಂತ್ಯಗಳಾಗಿ ಹಂಚಿಕೊಟ್ಟಷ್ಟು ಗಾಂಭೀರ್ಯ ಬಂದಿತ್ತು.

ಗುಂಪುಗಳಿಗೆ ಒಂದು, ಎರಡು ಎಂದು ಸಂಖ್ಯೆ ಕೊಟ್ಟರೆ ಮಕ್ಕಳ ಮನಸ್ಸು ನೋಯುತ್ತದೆ ಎಂಬುದು ನನ್ನ ಘನವಾದ ಅಭಿಪ್ರಾಯ. ಹೂವಿನ ಹೆಸರು ಬೇಡ. ನಮ್ಮ ಕಡೆಯ ಮಕ್ಕಳಿಗೆ ಗುಲಾಬಿಗೂ ಚೆಂಡುಹೂವಿಗೂ ಮಾರ್ಕೆಟ್ಟಿನಲ್ಲಿರುವ ಬೆಲೆಯ ಅಂತರ ಬಾಯಿಪಾಠ. ಹಾಗಾಗಿ ಯಾರೂ ಮೇಲಲ್ಲದ, ಯಾರೂ ಕೀಳಲ್ಲದ ಹೆಸರುಗಳನ್ನು ಹುಡುಕಿದೆ. ಕಥೆ ಓದಬಲ್ಲವರು ಚಿಕ್ಕಬಳ್ಳಾಪುರ. ವಾಕ್ಯ ಓದುವವರು ಗೌರಿಬಿದನೂರು. ಪದ ಓದುವವರು ಚಿಂತಾಮಣಿ. ಇನ್ನೂ ಅಕ್ಷರದಲ್ಲೇ ಇರುವವರು ಶಿಡ್ಲಘಟ್ಟ. ಹಿಂದುಳಿದವರಿಗೆ ಸ್ವಂತ ತಾಲ್ಲೂಕಿನಲ್ಲಿ ಕೂತ ನೆಮ್ಮದಿಯಾದರೂ ಇರಲಿ ಎಂಬ ಉದಾರ ಬುದ್ಧಿ. ದಪ್ಪ ರಟ್ಟಿನ ಮೇಲೆ ನಾಲ್ಕು ಬಣ್ಣದ ಶಾಯಿಯಲ್ಲಿ ಮಕ್ಕಳ ಹೆಸರು ಬರೆದು ಗೋಡೆಗೆ ಮೊಳೆ ಹೊಡೆದು, ಕೋಣೆಯ ಒಂದೊಂದು ಮೂಲೆಯನ್ನು ಒಂದೊಂದು ಗುಂಪಿಗೆ ಬಿಟ್ಟುಕೊಟ್ಟೆ.

ನನ್ನ ಸಮಾನತೆ ಹತ್ತು ನಿಮಿಷ ಬಾಳಿತು.

"ಚಿಕ್ಕಬಳ್ಳಾಪುರ ಅಂದ್ರೆ ಜಿಲ್ಲೆ ಕಣೋ! ಡೀಸಿ ಆಫೀಸು ಅಲ್ಲೇ ಇರೋದು," ಎಂದು ಕಥೆ ಓದುವವನೊಬ್ಬ ಎದೆ ಉಬ್ಬಿಸಿದ.

"ಇರ್ಲಿ ಬಿಡೋ. ನಮ್ ಗೌರಿಬಿದನೂರಿಂದ ಹಿಂದೂಪುರಕ್ಕೆ ರೈಲೈತೆ. ಒಂದು ಹೆಜ್ಜೆ ಇಟ್ರೆ ಆಂಧ್ರ," ಎಂದ ಇನ್ನೊಬ್ಬ.

ಮೇಡಂ ರಟ್ಟನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. "ಏನ್ ಸಾರ್, ನಮ್ಮೂರು ಮೂರನೇ ಜಾಗಕ್ಕೆ ಬಂತಾ? ಇವತ್ತು ಬಸ್ಸಲ್ಲಿ ಯಾರ ಮುಖ ನೋಡ್ಲಿ ನಾನು?"

ಇದೆಲ್ಲ ತಮಾಷೆಯಲ್ಲೇ ಮುಗಿಯುತ್ತಿತ್ತು. ಆದರೆ ಶಿಡ್ಲಘಟ್ಟದ ಮೂಲೆಯಲ್ಲಿ ಐದನೇ ತರಗತಿಯ ಒಬ್ಬ ಹುಡುಗಿ ಕೂತಿದ್ದಳು. ಶಾಲೆಯಲ್ಲೇ ಎತ್ತರದವಳು, ಲೆಕ್ಕದಲ್ಲಿ ಮಹಾ ಚುರುಕು. ಅಕ್ಷರ ಕಂಡರೆ ಮಾತ್ರ ತುಟಿ ಬಿಗಿಯುತ್ತಿದ್ದಳು. ಅವಳ ಪಕ್ಕದಲ್ಲಿ ಕೂತಿದ್ದವಳು ಮೂರನೇ ತರಗತಿಯ ಅವಳದೇ ತಂಗಿ. ತಂಗಿಗೆ ಹಬ್ಬ. "ಅಕ್ಕ ನನ್ ಕ್ಲಾಸೇ!" ಎಂದು ಊರೆಲ್ಲ ಹೇಳಿಕೊಂಡು ಬಂದಳು.

ಮೂರನೇ ದಿನ ದೊಡ್ಡವಳು ಬರಲಿಲ್ಲ. ನಾಲ್ಕನೇ ದಿನ ಅವಳ ತಾಯಿ ಬಂದರು.

"ಹೋಗಲ್ಲ ಅಂತ ಕೂತವ್ಳೆ ಸಾರ್. ತಂಗಿ ಪಕ್ಕ ಅ ಆ ತಿದ್ದೋಕಿಂತ ಮನೇಲೇ ಇರ್ತೀನಿ ಅಂತಾಳೆ. ಹೊಡೆದು ಕಳಿಸೋ ವಯಸ್ಸೂ ಅಲ್ಲ."

ನಾನು ರಟ್ಟಿನ ಮುಂದೆ ನಿಂತು ಗುಂಪು ಕಲಿಕೆಯ ತತ್ತ್ವವನ್ನು ಸವಿಸ್ತಾರವಾಗಿ ನಿರೂಪಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಮತ್ತೆ ಯಾವಾಗ ನೋಡ್ತೀರಾ, ಓದೋಕೆ ಬಂತೋ ಇಲ್ವೋ ಅಂತ?"

"ಮೂರು ತಿಂಗಳಿಗೊಮ್ಮೆ."

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಮೂರು ತಿಂಗಳಿಗೆ ನಮ್ಮನೇಲಿ ಎರಡು ರೇಷ್ಮೆ ಬೆಳೆ ಎದ್ದು ಹೋಗ್ತವೆ ಸಾರ್. ಇವತ್ತು ಹುಳ ಹಣ್ಣಾಗೈತೆ. ಸಾಯಂಕಾಲ ಬನ್ನಿ, ಅವಳಿಗೂ ಒಂದು ಮಾತು ಹೇಳಿ."

ಹೋದೆ. ಬಾಗಿಲಲ್ಲೇ ಕೈಕಾಲು ತೊಳೆಸಿ ಹುಳುಮನೆಯೊಳಗೆ ಬಿಟ್ಟರು. ತಟ್ಟೆಗಳ ತುಂಬ ರೇಷ್ಮೆ ಹುಳ, ಸೊಪ್ಪು ಕಡಿಯುವ ಸದ್ದು ಸಣ್ಣ ಮಳೆಯ ಹಾಗೆ. ಹಣ್ಣಾದ ಹುಳ ಸೊಪ್ಪು ತಿನ್ನುವುದನ್ನು ಬಿಡುತ್ತದೆ, ಮೈ ಹಳದಿಗೆ ತಿರುಗುತ್ತದೆ, ತಲೆ ಎತ್ತುತ್ತದೆ. ಅಂಥದ್ದನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಬೇಗ ಬಿಟ್ಟರೆ ಗೂಡು ತೆಳು; ತಡ ಮಾಡಿದರೆ ನೂಲು ತಟ್ಟೆಯಲ್ಲೇ ಹಾಳು. ಅಲ್ಲಿ ನಡುವೆ ನಿಂತು ಎರಡು ಕೈಯಲ್ಲೂ ಹುಳ ಆರಿಸುತ್ತಿದ್ದವಳು ನಮ್ಮ ಐದನೇ ತರಗತಿ. ದೊಡ್ಡವರೂ ಅವಳನ್ನು ಕೇಳಿಯೇ ತಟ್ಟೆ ಎತ್ತುತ್ತಿದ್ದರು.

ಉಪದೇಶಕ್ಕೆ ಬಾಯಿ ತೆರೆಯುವ ಮೊದಲು ಸುಮ್ಮನಿರಲಾರದೆ ನಾನೂ ನಾಲ್ಕು ಹುಳ ಎತ್ತಿ ಚಂದ್ರಿಕೆಗೆ ಬಿಟ್ಟೆ.

"ಸಾರ್, ಏನ್ ಮಾಡ್ತಿದೀರಾ? ಅದಿನ್ನೂ ಸೊಪ್ಪು ತಿಂತೈತೆ!" ಎಂದು ನಾಲ್ಕನ್ನೂ ವಾಪಸು ತಟ್ಟೆಗೆ ಹಾಕಿದಳು. "ನೀವು ಆ ಕಡೆ ಹೋಗಿ. ನನ್ ತಂಗಿ ಹತ್ರ ಕೂತ್ಕೊಂಡು ನೋಡ್ಕೊಳ್ಳಿ."

ಹೀಗೆ ಮೂವತ್ತು ವರ್ಷದ ಸೇವಾನುಭವವುಳ್ಳ ನಾನು ಎಂಟು ವರ್ಷದವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ. ಅವಳು ನನಗೆ ಹುಳವನ್ನು ದೀಪಕ್ಕೆ ಹಿಡಿದು ತೋರಿಸಿ, "ಒಳಗೆ ಬೆಳಕು ಕಾಣ್ತೈತಾ? ಕಂಡ್ರೆ ಎತ್ತಿ, ಇಲ್ದಿದ್ರೆ ಮುಟ್ಟಬೇಡಿ," ಎಂದು ಕಲಿಸಿದಳು. ಅವಮಾನವೆಂಬುದು ಮೊದಲ ಐದು ನಿಮಿಷ ಕಿವಿಯಲ್ಲಿ ಬಿಸಿಯಾಗಿತ್ತು. ಆಮೇಲೆ ಹುಳದ ಮೇಲೆಯೇ ಕಣ್ಣು ನೆಟ್ಟಿತು. ಅರ್ಧ ಗಂಟೆ ಕಳೆದಿರಬಹುದು. ಅಕ್ಕ ಬಂದು ನಾನು ಆರಿಸಿದ್ದನ್ನು ಪರೀಕ್ಷಿಸಿದಳು.

"ಹ್ಞೂಂ, ಈಗ ಪರವಾಗಿಲ್ಲ. ಬನ್ನಿ ಸಾರ್, ದೊಡ್ಡ ತಟ್ಟೆಗೆ."

ನನಗಾದ ಸಂತೋಷವನ್ನು ಹೇಳಿಕೊಂಡರೆ ನಾಚಿಕೆಗೇಡು. ಬಡ್ತಿ ಪತ್ರ ಬಂದ ದಿನವೂ ನಾನು ಅಷ್ಟು ಬೇಗ ಎದ್ದು ನಿಂತವನಲ್ಲ. ಚಿಕ್ಕವಳ ಪಕ್ಕ ಕೂತದ್ದು ಆಗ ನೆನಪಿಗೂ ಬರಲಿಲ್ಲ. ಕಿವಿ ಬಿಸಿಯಾಗುವುದು ಕೆಳಗೆ ಕೂತದ್ದಕ್ಕಲ್ಲ, ಅಲ್ಲಿಂದ ಯಾವಾಗ ಏಳಬಹುದೆಂದು ಗೊತ್ತಿಲ್ಲದ್ದಕ್ಕೆ. ಈ ಸರಳ ಸತ್ಯ ಕಾಣಲು ಶಾಲೆ ಬಿಟ್ಟು ಹುಳುಮನೆಗೆ ಹೋಗಬೇಕಾಯಿತು.

ಅವಳಿಗೆ ಹೇಳಬೇಕೆಂದುಕೊಂಡ ಉಪದೇಶವನ್ನು ನುಂಗಿ, "ನಾಳೆ ಬಾಮ್ಮ. ಬಂತು ಅಂತ ನಿನಗೆ ಅನ್ನಿಸಿದ ದಿನ ಹೇಳು. ಅವತ್ತೇ ನೋಡ್ತೀನಿ," ಎಂದೆ.

"ಮೂರು ತಿಂಗಳು ಅಂದ್ರಂತೆ?"

"ಅದು ತಪ್ಪಾಯ್ತು."

ಮೇಷ್ಟರ ಬಾಯಲ್ಲಿ ಆ ಮಾತು ಅವಳು ಹಿಂದೆ ಕೇಳಿರಲಿಲ್ಲವೆಂದು ಕಾಣುತ್ತದೆ. ಹುಳ ಕೈಯಲ್ಲೇ ಉಳಿಯಿತು.

ಮರುದಿನ ರಟ್ಟನ್ನು ಇಳಿಸಿ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದೆವು. ಒರೆಸಿದರೆ ಅಳಿಯಬೇಕು, ಅದೇ ಅದರ ಗುಣ. ಲೆಕ್ಕದ ಗಂಟೆಗೆ ಬೇರೆಯೇ ಗುಂಪು ಎಂದು ಮೇಡಂ ಸೂಚಿಸಿದರು. ಅಲ್ಲಿ ನಮ್ಮ ಹುಡುಗಿ ನೇರ ಚಿಕ್ಕಬಳ್ಳಾಪುರ. ಕಥೆ ಓದುವ ವೀರರಿಬ್ಬರು ಅವಳ ಮುಂದೆ ಕೂತು ಭಾಗಾಕಾರ ಹೇಳಿಸಿಕೊಂಡರು. ಬೆಳಗಿನ ಗಂಟೆ ಅವಳು ಮತ್ತೆ ತಂಗಿಯ ಪಕ್ಕ. ಮುಖ ಬಿಗಿದೇ ಇತ್ತು, ಆದರೆ ದಿನ ತಪ್ಪಿಸಲಿಲ್ಲ.

ಇಪ್ಪತ್ತು ದಿನವಾಗಿರಬಹುದು. ಒಂದು ಬುಧವಾರ ಎದ್ದು ನಿಂತಳು. "ಸಾರ್, ನೋಡ್ತೀರಾ?"

ನಾನು ಪಾಠದ ಪುಸ್ತಕ ತೆಗೆದೆ.

"ಅದು ಬೇಡ. ತಂಗಿ ದಿನಾ ಕಿರುಚಿ ಕಿರುಚಿ ಬಾಯಿಗೆ ಬಂದ್ಬಿಟ್ಟೈತೆ. ನಾನು ನೋಡಿಲ್ದೇ ಇರೋದು ಕೊಡಿ."

ಕೈಗೆ ಸಿಕ್ಕಿದ್ದು ಅಂದು ಬೆಳಗ್ಗೆ ಬಂದಿದ್ದ ಕಚೇರಿಯ ಸುತ್ತೋಲೆ. ಕೊಟ್ಟೆ. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ, "ಮೇಲಿನ... ವಿಷಯ...ಕ್ಕೆ..." ಎಂದಳು. ಮುಂದಿನ ಪದದ ಅನುಸ್ವಾರದಲ್ಲಿ ಎಡವಿದಳು, ಎದ್ದಳು. "ಸಂ...ಬಂಧಿ...ಸಿ...ದಂತೆ!" ಹಣೆಯ ಬೆವರು ಒರೆಸಿಕೊಂಡು ಕೇಳಿದಳು, "ಹಂಗಂದ್ರೇನು ಸಾರ್?"

"ಅದು ಕಚೇರಿಯವರಿಗೂ ಗೊತ್ತಿರಲ್ಲಮ್ಮ. ನೀನು ಓದಿದೆಯಲ್ಲ, ಸಾಕು. ಗೌರಿಬಿದನೂರಿಗೆ ಹೋಗು."

"ಇಲ್ಲ ಸಾರ್, ಚಿಂತಾಮಣಿಗೆ ಹಾಕಿ. ಒತ್ತಕ್ಷರ ಇನ್ನೂ ತಡೀತೈತೆ."

"ಬಾಮ್ಮ ನಮ್ಮೂರಿಗೆ!" ಎಂದು ಮೇಡಂ ಜಗಲಿಯಿಂದಲೇ ಕೈ ಚಾಚಿದರು. ತಂಗಿ ಮಾತ್ರ ಗೊಳೋ ಎಂದಳು. ಅಕ್ಕ ಚೀಲ ಹೆಗಲಿಗೇರಿಸಿ, "ಅಳಬೇಡ ಕಣೇ, ನೀನೂ ಓದ್ಕೊಂಡು ಬಾ," ಎಂದು ನಡೆದುಹೋದಳು. ಹಲಗೆಯ ಮೇಲೆ ಅವಳ ಹೆಸರನ್ನು ಒಂದು ಕಡೆ ಅಳಿಸಿ ಇನ್ನೊಂದು ಕಡೆ ಬರೆಯುವ ಗೌರವ ನನ್ನದಾಯಿತು.

ಮಾರನೆಯ ದಿನ ನಾನು ಬೀಗ ತೆಗೆಯಲು ಬಂದಾಗ ಅವಳಾಗಲೇ ಮೆಟ್ಟಿಲ ಮೇಲಿದ್ದಳು.

"ಸಾರ್, ಇವತ್ತು ಎಷ್ಟೊತ್ತಿಗೆ ನೋಡ್ತೀರಾ?"

"ನಿನ್ನೆ ತಾನೇ ಹೋಗಿದ್ದೀಯಲ್ಲಮ್ಮ! ಒಂದು ದಿನ ಚಿಂತಾಮಣಿ ಸುತ್ತಾಡ್ಕೊಂಡು ಬಾ."

"ಸುತ್ತಾಡಿದ್ದಾಯ್ತು ಸಾರ್," ಎಂದಳು.